ಚಕ್ಕಡಿ, ಚೀಲ, ಬಾಟಲಿ

ಧಾರವಾಡ ಸೀಮೆಯ ಒಕ್ಕಲುತನದಲ್ಲಿ ಬಹುಕಾಲ ಗೊಬ್ಬರದ ಅಳತೆ ಎಂದರೆ ಚಕ್ಕಡಿ. ಯಾವ ಹೊಲಕ್ಕೆ ಎಷ್ಟು ಚಕ್ಕಡಿ ಬಿತ್ತು, ಎಷ್ಟು ವರ್ಷಕ್ಕೊಮ್ಮೆ ಬಿತ್ತು ಎನ್ನುವುದರ ಮೇಲೆ ಆ ಹೊಲದ ಯೋಗ್ಯತೆ, ಆ ಮನೆತನದ ಕಸುವು ಎರಡೂ ಗೊತ್ತಾಗುತ್ತಿದ್ದವು. ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಅಳತೆ ಚೀಲಕ್ಕೆ ಬಂತು. 2021ರಲ್ಲಿ ಅದು ಅರ್ಧ ಲೀಟರಿನ ಬಾಟಲಿಗೆ ಇಳಿಯಿತು. ಒಂದು ಚೀಲ ಯೂರಿಯಾ ಮಾಡುವ ಕೆಲಸವನ್ನು ಈ ಬಾಟಲಿಯ ನ್ಯಾನೋ ದ್ರವ ಮಾಡುತ್ತದೆ ಎಂಬ ಭರವಸೆ ಹುಬ್ಬಳ್ಳಿಯ ಗೊಬ್ಬರದ ಅಂಗಡಿಗಳಿಗೂ ಬಂತು. ಹೊರಗಿನಿಂದ ಬಂದ ಭರವಸೆಯನ್ನು ಈ ನೆಲ ಪರೀಕ್ಷೆಗೆ ಒಡ್ಡಿದ್ದು ಇದೇ ಮೊದಲಲ್ಲ. ಸುಮಾರು 180 ವರ್ಷಗಳ ಹಿಂದೆ ಅಮೆರಿಕದ ಹತ್ತಿ ಬೀಜವೂ ಅಂಥದೇ ದೊಡ್ಡ ಮಾತಿನೊಂದಿಗೆ ಬಂದಿತ್ತು. ಆ ಹಳೆಯ ಕಥೆಯನ್ನೂ ಗೊಬ್ಬರದ ಅಳತೆ ಬದಲಾದ ಕಥೆಯನ್ನೂ ಒಟ್ಟಿಗೆ ಓದಿದರೆ ನ್ಯಾನೋ ಕಣಗಳ ಬಗ್ಗೆ ಒಂದು ನಿಲುವಿಗೆ ಬರಬಹುದೆಂದು ನನಗೆ ಅನಿಸಿದೆ. ಬೆಳೆ ಗ್ರಾಂ ಲೆಕ್ಕದಲ್ಲಿ ಕೇಳುವ ಸತು, ಕಬ್ಬಿಣದಂಥ ಪೋಷಕಾಂಶಗಳಲ್ಲಿ ನ್ಯಾನೋ ಕಣಗಳಿಗೆ ನಿಜವಾದ ಕೆಲಸವಿರಬಹುದು. ಕಿಲೋ ಲೆಕ್ಕದಲ್ಲಿ ಕೇಳುವ ಸಾರಜನಕದಲ್ಲಿ ಅವುಗಳ ಹೆಸರಿನಲ್ಲಿ ಕೊಟ್ಟ ಮಾತು ನಿಲ್ಲುವುದಿಲ್ಲ.

ಮೊದಲು ಚಕ್ಕಡಿಯ ಕಾಲವನ್ನು ನೋಡೋಣ. ತಿಪ್ಪೆಯ ಗೊಬ್ಬರ, ಬೇಸಿಗೆಯಲ್ಲಿ ತೆಗೆದ ಕೆರೆಯ ಹೂಳು, ಹಾಳೂರುಗಳ ಬೂದುಮಣ್ಣು, ಕೊಯ್ಲಾದ ಹೊಲದಲ್ಲಿ ರಾತ್ರಿ ನಿಲ್ಲಿಸಿದ ಕುರಿಹಿಂಡಿನ ಹಿಕ್ಕೆ ಮತ್ತು ಗಂಜಳ, ಇವು ಆ ಕಾಲದ ಬಂಡವಾಳ. ಕುರಿ ನಿಲ್ಲಿಸಿದ್ದಕ್ಕೆ ಕುರುಬರಿಗೆ ಕಾಳಿನ ರೂಪದಲ್ಲಿ ಕೂಲಿ ಸಲ್ಲುತ್ತಿತ್ತು. ಅಂದರೆ ಗೊಬ್ಬರವೆಂಬುದು ಎರಡು ಸಮುದಾಯಗಳ ನಡುವಿನ ಲೇವಾದೇವಿಯೂ ಆಗಿತ್ತು. ಈ ಗೊಬ್ಬರದಲ್ಲಿ ಸಾರಜನಕದ ಪ್ರಮಾಣ ಕಡಿಮೆ, ನೂರು ಕಿಲೋದಲ್ಲಿ ಅರ್ಧ ಕಿಲೋ ಸಿಕ್ಕರೆ ಹೆಚ್ಚು. ಆದರೆ ಅದರೊಂದಿಗೆ ರಂಜಕ, ಪೊಟ್ಯಾಷ್, ಸತು, ಕಬ್ಬಿಣ, ಮ್ಯಾಂಗನೀಸ್ ಎಲ್ಲವೂ ಸ್ವಲ್ಪ ಸ್ವಲ್ಪ ಹೊಲಕ್ಕೆ ಮರಳುತ್ತಿದ್ದವು. ಯಾರೂ ಅವುಗಳ ಹೆಸರು ಹೇಳಿ ಹಾಕಬೇಕಾಗಿರಲಿಲ್ಲ. ಇದನ್ನು ಸುವರ್ಣಯುಗವೆಂದು ಕರೆಯಲು ನಾನು ಸಿದ್ಧನಿಲ್ಲ. ಎಲ್ಲ ಹೊಲಗಳಿಗೆ ಸಾಲುವಷ್ಟು ಗೊಬ್ಬರ ಯಾವ ಊರಿನಲ್ಲೂ ಇರಲಿಲ್ಲ, ಸಗಣಿಯ ದೊಡ್ಡ ಪಾಲು ಕುಳ್ಳಾಗಿ ಒಲೆ ಸೇರುತ್ತಿತ್ತು. 1889ರ ಕೊನೆಯಲ್ಲಿ ಭಾರತಕ್ಕೆ ಬಂದು ದೇಶ ಸುತ್ತಿದ ಕೃಷಿ ರಸಾಯನಜ್ಞ ವೋಲ್ಕರ್ 1893ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ಇಲ್ಲಿನ ರೈತನ ಜಾಣ್ಮೆಯನ್ನು ಮನಸಾರೆ ಮೆಚ್ಚಿಕೊಂಡರು. ಅದೇ ವರದಿಯಲ್ಲಿ, ಉರುವಲು ಇಲ್ಲದೆ ಗೊಬ್ಬರ ಸುಟ್ಟುಹೋಗುವುದೇ ಇಲ್ಲಿನ ಬೇಸಾಯದ ದೊಡ್ಡ ನಷ್ಟವೆಂದೂ ಕಂಡುಕೊಂಡರು.

ಇನ್ನು ನೆಲದ ಮಾತು. ಹುಬ್ಬಳ್ಳಿಯಿಂದ ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಗದಗಿನ ಕಡೆ ಹೋದಂತೆ ಹಬ್ಬುವುದು ಎರಿ, ಕಪ್ಪು ನೆಲ. ಧಾರವಾಡದ ಪಶ್ಚಿಮಕ್ಕೆ, ಮಲೆನಾಡಿನ ಅಂಚಿನ ಕಡೆ ಮಸಾರಿ, ಕೆಂಪು ಮಣ್ಣು. ಎರಿ ಭೂಮಿ ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಅಗಲಕ್ಕೆ ಬಿರಿಯುತ್ತದೆ, ಮಳೆ ಬಿದ್ದಾಗ ಉಬ್ಬಿ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಕಾರಣ ಅದರ ಜೇಡಿ. ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕುಳಿತ ಪದರಗಳಿಂದ ಆ ಜೇಡಿ ಆಗಿದೆ, ಪದರವೊಂದರ ದಪ್ಪ ಸುಮಾರು ಒಂದು ನ್ಯಾನೋಮೀಟರ್, ಅಂದರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಪದರಗಳ ನಡುವೆ ನೀರು ಹೊಕ್ಕಾಗ ನೆಲ ಉಬ್ಬುತ್ತದೆ. 1ರಿಂದ 100 ನ್ಯಾನೋಮೀಟರ್ ಅಳತೆಯ ವಸ್ತುವನ್ನು ನ್ಯಾನೋ ವಸ್ತು ಎನ್ನುವುದಾದರೆ, ಹಿಂಗಾರಿಯ ಜೋಳ, ಕಡಲೆ, ಹತ್ತಿಯನ್ನು ಹಸಿ ಹಿಡಿದು ಸಾಕಿದ ಈ ನೆಲವೇ ನಿಸರ್ಗ ಮಾಡಿದ ನ್ಯಾನೋ ವಸ್ತು. ಕಾರ್ಖಾನೆಯ ಕಣ ಬಂದು ಬೀಳುವುದು ಖಾಲಿ ಪಾತ್ರೆಗಲ್ಲ, ತನ್ನದೇ ಕೋಟಿ ಕೋಟಿ ಮೇಲ್ಮೈಗಳಿಂದ ಏನನ್ನಾದರೂ ಹಿಡಿದುಕೊಳ್ಳಬಲ್ಲ ನೆಲಕ್ಕೆ. ಮೇಲಾಗಿ ಈ ಮಣ್ಣಿನಲ್ಲಿ ಸುಣ್ಣದ ಹರಳುಗಳಿವೆ, ಅದರ ರಸಸಾರ ಅನೇಕ ಕಡೆ 8ನ್ನು ದಾಟುತ್ತದೆ. ರಸಸಾರ ಒಂದಂಕಿ ಏರಿದರೆ ಮಣ್ಣಿನ ನೀರಿನಲ್ಲಿ ಕರಗುವ ಸತು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸತು, ಕಬ್ಬಿಣ ಹೊಲದಲ್ಲಿ ಇದ್ದರೂ ಬೇರಿನ ಬಾಯಿಗೆ ಸಿಗದಿರುವುದು ಹೀಗೆ.

ಈ ನೆಲಕ್ಕೆ ಹೊರಗಿನ ವಿಜ್ಞಾನ ಮೊದಲು ಬಂದದ್ದು ಗೊಬ್ಬರವಾಗಿ ಅಲ್ಲ, ಬೀಜವಾಗಿ. ಲಂಕಾಶೈರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಿತ್ತು. ಧಾರವಾಡದ ಹತ್ತಿ ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ಅದರ ಎಳೆ ಗಿಡ್ಡ. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತು ಜನ ತೋಟಗಾರರನ್ನು ಕರೆತಂದು ಮೂರು ಪ್ರಾಂತಗಳಿಗೆ ಹಂಚಿತು. ಅವರಲ್ಲೊಬ್ಬನಾದ ಮರ್ಸರ್ ಹುಬ್ಬಳ್ಳಿ ಸಮೀಪದ ಕುಸುಗಲ್ಲಿನ ಸರ್ಕಾರಿ ಹೊಲದಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿದ. ಆಗ ಧಾರವಾಡದ ಕಲೆಕ್ಟರ್ ಆಗಿದ್ದ ಶಾ ಆ ಬೀಜವನ್ನು ರೈತರ ಕೈಗೇ ಕೊಟ್ಟು ಅವರ ಹೊಲದಲ್ಲಿ ಬಿತ್ತಿಸಲು ಹುರುಪಿನಿಂದ ನಿಂತ. ದೇಶದ ಹೆಚ್ಚಿನ ಕಡೆ ಈ ಪ್ರಯತ್ನ ಮುಗ್ಗರಿಸಿತು, ಧಾರವಾಡದಲ್ಲಿ ಬೇರೂರಿತು. ಎರಡೂ ಮಾನ್ಸೂನುಗಳ ಮಳೆ ಇಷ್ಟಿಷ್ಟು ಬೀಳುವ, ಬಿಸಿಲು ಅತಿರೇಕಕ್ಕೆ ಹೋಗದ ಹವೆ ಇದಕ್ಕೆ ಒಂದು ಕಾರಣ. ಕೂರಿಗೆ ಹಿಡಿದವರು ತಮ್ಮ ಹದದಲ್ಲಿ, ತಮ್ಮ ಸಾಲಿನಲ್ಲಿ ಬಿತ್ತಿದ್ದು ಇನ್ನೊಂದು. 1845ರಲ್ಲಿ ಮರ್ಸರ್ ಸರ್ಕಾರಕ್ಕೆ ಬರೆದುಕೊಂಡ ಮಾತಿನ ಸಾರ ಇದು: ಪ್ರಯೋಗದ ಹೊಲಗಳು ದುಂದುವೆಚ್ಚ, ಅಮೆರಿಕದ ಪದ್ಧತಿ ಇಲ್ಲಿಗೆ ಹೊಂದುವುದಿಲ್ಲ, ತಮ್ಮ ಹವೆ ಮತ್ತು ನೆಲ ಬಲ್ಲ ಇಲ್ಲಿನ ಜನ ಯಾವ ಯುರೋಪಿಯನ್ನನಿಗಿಂತಲೂ ಚೆನ್ನಾಗಿ, ಅಗ್ಗವಾಗಿ ಬೆಳೆಯಬಲ್ಲರು. ಕಲಿಸಲು ಬಂದವನೇ ತನ್ನ ಕೆಲಸದ ವಿರುದ್ಧ ಹೀಗೆ ಸಾಕ್ಷಿ ನುಡಿದದ್ದು ಕೃಷಿ ಇತಿಹಾಸದಲ್ಲಿ ಅಪರೂಪ. ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

ಬೀಜ ಹೊಂದಿಕೊಂಡರೂ ತೊಡಕು ಮುಗಿಯಲಿಲ್ಲ. ಕುಮಟಾ ಹತ್ತಿಯನ್ನು ಹೆಣ್ಣುಮಕ್ಕಳು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಉರುಳಿಸಿ ಬಿಡಿಸುತ್ತಿದ್ದರು. ಅಮೆರಿಕನ್ ಹತ್ತಿಯ ಅರಳೆ ಬೀಜಕ್ಕೆ ಬಿಗಿಯಾಗಿ ಅಂಟಿರುವುದರಿಂದ ಈ ಕಾಲಸಲಾಕೆ ಅದಕ್ಕೆ ನಡೆಯಲಿಲ್ಲ. ಹಾಗಾಗಿ ಗರಗಸದ ಹಲ್ಲಿನ ಜಿನ್ ಬೇಕಾಯಿತು, ಅದನ್ನು ಮಾಡಲು, ದುರಸ್ತಿ ಮಾಡಲು ಧಾರವಾಡದಲ್ಲೇ ಸರ್ಕಾರಿ ಕಾರ್ಖಾನೆ ಬೇಕಾಯಿತು. ಒಂದು ಹೊಸ ವಸ್ತು ಹೊಲಕ್ಕೆ ಬಂದರೆ ಅದರ ಹಿಂದೆ ಒಂದು ಉಪಕರಣ, ಒಬ್ಬ ಕುಶಲಕರ್ಮಿ, ಒಂದು ಪೇಟೆ ಬರಬೇಕು ಎನ್ನುವುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಧಾರವಾಡ-ಅಮೆರಿಕನ್ ಹತ್ತಿಯ ಬೆಲೆ ಗಗನಕ್ಕೇರಿತು, ಅದರ ಬೆನ್ನಿಗೆ ಕಲಬೆರಕೆಯೂ ಬಂತು. ಉದ್ದ ಎಳೆಯ ಹತ್ತಿಗೆ ಗಿಡ್ಡ ಎಳೆಯದನ್ನು ಬೆರೆಸಿ, ಧೂಳು ಬೀಜ ಸೇರಿಸಿ ಮೂಟೆ ಕಟ್ಟುವ ಚಾಳಿ ಎಷ್ಟು ಬೆಳೆಯಿತೆಂದರೆ ಮುಂಬಯಿ ಸರ್ಕಾರ 1863ರಲ್ಲಿ ಹತ್ತಿಯ ಮೋಸ ತಡೆಯಲೆಂದೇ ಕಾಯ್ದೆ ಮಾಡಿ ತಪಾಸಣೆಯ ಅಧಿಕಾರಿಗಳನ್ನು ನೇಮಿಸಬೇಕಾಯಿತು. ಬೀಜಗಳೂ ಬೆರೆತು ತಳಿ ಕೆಟ್ಟಿತು. ಭರವಸೆಯ ಚೀಟಿಯ ಮೇಲೆ ಬರೆದದ್ದಕ್ಕೂ ಮೂಟೆಯ ಒಳಗಿರುವುದಕ್ಕೂ ಅಂತರ ಬಿದ್ದಾಗ ಅದನ್ನು ಅಳೆದು ಹೇಳುವ ಮೂರನೆಯ ಕಣ್ಣು ಬೇಕೆಂಬ ಅರಿವು ಧಾರವಾಡದ ಪೇಟೆಗೆ ಅಂದೇ ಬಂದಿತ್ತು.

ಆ ಬೀಜದ ಸಂತತಿ ಮಾತ್ರ ಅಳಿಯಲಿಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಧಾರವಾಡದಲ್ಲಿ ಹತ್ತಿ ತಳಿಶಾಸ್ತ್ರಜ್ಞರಾಗಿದ್ದ ಜಿ. ಎಲ್. ಕೊಟ್ಟೂರ ಅವರು ಕುಮಟಾ ಹತ್ತಿಯ ಸುಧಾರಣೆಗೆ ವರ್ಷಗಟ್ಟಲೆ ದುಡಿದರು. ಅತ್ತ ಅಮೆರಿಕನ್ ಬೀಜದ ಸಾಲಿನಲ್ಲಿ, ಧಾರವಾಡ-ಅಮೆರಿಕನ್‌ನಿಂದ ಆಯ್ದ ಗದಗ-1 ತಳಿಯನ್ನು ಕಾಂಬೋಡಿಯಾ ಹತ್ತಿಯೊಂದಿಗೆ ಕೂಡಿಸಿ ಲಕ್ಷ್ಮಿ ತಳಿ ಹುಟ್ಟಿತು. ಆ ಲಕ್ಷ್ಮಿಯನ್ನು ತಾಯಿಯಾಗಿಟ್ಟುಕೊಂಡು ಬಿ. ಎಚ್. ಕಟರಕಿ ಅವರು 1972ರಲ್ಲಿ ಧಾರವಾಡದಲ್ಲೇ ವರಲಕ್ಷ್ಮಿ ಎಂಬ ಅಂತರಪ್ರಭೇದ ಸಂಕರ ಹತ್ತಿಯನ್ನು ಕೊಟ್ಟರು. ಮುಂದೆ ಅವರದೇ ಡಿಸಿಎಚ್-32 ಬಂತು. ಕುಸುಗಲ್ಲಿನ ಬೀಜದಿಂದ ವರಲಕ್ಷ್ಮಿಯವರೆಗೆ 130 ವರ್ಷ. ಹೊಸ ವಸ್ತುವನ್ನು ನೆಲ ಒಪ್ಪಿಕೊಳ್ಳುವ ವೇಗ ಅಷ್ಟು ನಿಧಾನ, ಒಪ್ಪಿದರೆ ಅಷ್ಟು ಆಳ. ಆದರೆ ವರಲಕ್ಷ್ಮಿ ಮತ್ತು ಅವಳ ನಂತರದ ಸಂಕರ ತಳಿಗಳ ಹಸಿವು ಜಯಧರನಂಥ ನಾಟಿ ಹತ್ತಿಯ ಹಸಿವಲ್ಲ. ಅವಕ್ಕೆ ತಿಪ್ಪೆಯ ಗೊಬ್ಬರ ಸಾಲಲಿಲ್ಲ, ಚೀಲ ಬೇಕಾಯಿತು. 1947ರಲ್ಲಿ ಧಾರವಾಡದಲ್ಲಿ ಆರಂಭವಾದ ಕೃಷಿ ಕಾಲೇಜು, 1986ರಲ್ಲಿ ಅದೇ ನೆಲೆಯಲ್ಲಿ ಬೆಳೆದು ನಿಂತ ಕೃಷಿ ವಿಶ್ವವಿದ್ಯಾಲಯ ಎರಡೂ ಈ ಚೀಲದ ಯುಗದ ಸಾಕ್ಷಿಗಳು. ಸಾರಜನಕ, ರಂಜಕ, ಪೊಟ್ಯಾಷ್ ಎಂಬ ಮೂರು ಹೆಸರುಗಳು ರೈತನ ನಾಲಿಗೆಗೆ ಬಂದವು. ಚಕ್ಕಡಿಯೊಂದಿಗೆ ಹೆಸರಿಲ್ಲದೆ ಬರುತ್ತಿದ್ದ ಸತು, ಕಬ್ಬಿಣ, ಮೆಗ್ನೀಸಿಯಮ್ ಲೆಕ್ಕದಿಂದ ಬಿದ್ದುಹೋದವು. ಇಳುವರಿ ಏರಿದಷ್ಟೂ ನೆಲದಿಂದ ಅವು ಹೆಚ್ಚು ಹೊರಹೋದವು. ಸತುವಿನ ಕೊರತೆಯೇ ಭತ್ತದ ಖೈರಾ ರೋಗಕ್ಕೆ ಕಾರಣವೆಂದು ಪಂತನಗರದಲ್ಲಿ ವೈ. ಎಲ್. ನೆನೆ ತೋರಿಸಿದ್ದು 1966ರಲ್ಲಿ. ನಮ್ಮ ಕಡೆ ಸಂಕರ ಹತ್ತಿಯ ಎಲೆ ಕಾಯಿ ಬಲಿಯುವ ಹೊತ್ತಿಗೆ ಕೆಂಪಾಗುವ ಲಾಲ್ಯಾಕ್ಕೆ ಮೆಗ್ನೀಸಿಯಮ್ ಸಲ್ಫೇಟ್ ಸಿಂಪಡಿಸುವ ರೂಢಿ ಬಂತು. ಮಣ್ಣಿಗೆ ಹಾಕಿದ್ದು ಸಿಗದಿದ್ದರೆ ಎಲೆಗೆ ಕೊಡುವುದನ್ನು ರೈತ ನ್ಯಾನೋ ಶಬ್ದ ಕೇಳುವ ಮೊದಲೇ ಕಲಿತಿದ್ದ.

ಬಾಟಲಿಗೆ ಬರುವ ಮೊದಲು 2008ರ ಜೂನ್ 10ನ್ನು ನೆನೆಯಲೇಬೇಕು. 1997ರವರೆಗೆ ಧಾರವಾಡ ಜಿಲ್ಲೆಯ ಭಾಗವಾಗಿದ್ದ ಹಾವೇರಿಯಲ್ಲಿ, ಬಿತ್ತನೆಯ ಹೊತ್ತಿಗೆ ಗೊಬ್ಬರ ಸಿಗದೆ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಯಿತು, ಜೀವ ಹೋಯಿತು. ಚೀಲದ ಮೇಲೆ ಒಂದು ಸೀಮೆಯ ಬದುಕು ಎಷ್ಟು ನೇತುಬಿದ್ದಿದೆ ಎಂಬುದು ಆ ದಿನ ರಕ್ತದಲ್ಲಿ ಬರೆಯಲ್ಪಟ್ಟಿತು. ಆದ್ದರಿಂದ ಚೀಲವನ್ನು ಬಾಟಲಿಯಾಗಿಸುವ ಮಾತು ಬಂದಾಗ ಅದನ್ನು ನಂಬಲು ಮನಸ್ಸು ಹಾತೊರೆದದ್ದು ಸಹಜ. ಇಫ್ಕೋ ಸಂಸ್ಥೆ ಗುಜರಾತಿನ ಕಲೋಲಿನಲ್ಲಿ ತಯಾರಿಸಿದ ನ್ಯಾನೋ ಯೂರಿಯಾಕ್ಕೆ 2021ರ ಫೆಬ್ರುವರಿಯಲ್ಲಿ ಗೊಬ್ಬರ ನಿಯಂತ್ರಣ ಆದೇಶದಡಿ ಮನ್ನಣೆ ಸಿಕ್ಕಿತು, ಮೇ ತಿಂಗಳಲ್ಲಿ ಅದು ಬಿಡುಗಡೆಯಾಯಿತು. ಅದರ ಲೆಕ್ಕ ಮಾಡಲು ಪ್ರಯೋಗಾಲಯ ಬೇಡ. 45 ಕಿಲೋ ಚೀಲದ ಯೂರಿಯಾದಲ್ಲಿ ನೂರಕ್ಕೆ 46ರಂತೆ ಸುಮಾರು 20 ಕಿಲೋ ಸಾರಜನಕವಿದೆ. ಅರ್ಧ ಲೀಟರ್ ದ್ರವದಲ್ಲಿ ನೂರಕ್ಕೆ 4ರಂತೆ ಇರುವುದು 20 ಗ್ರಾಂ. ಎರಡರ ನಡುವೆ ಸಾವಿರ ಪಟ್ಟು ಅಂತರ. ನಂತರ ಬಂದ ಹೆಚ್ಚು ಸಾಂದ್ರತೆಯ ದ್ರವದಲ್ಲೂ ನೂರು ಗ್ರಾಂ ಮಾತ್ರ. ಕಾಳಿನ ಪ್ರೋಟೀನು, ಎಲೆಯ ಹಸಿರು ಎರಡೂ ಸಾರಜನಕದಿಂದಲೇ ಕಟ್ಟಿದ್ದು. ಬೆಳೆಯ ಒಡಲಿನಲ್ಲಿ ಕಿಲೋಗಟ್ಟಲೆ ಕಾಣುವ ಆ ಸಾರಜನಕ ಬಾಟಲಿಯಿಂದ ಬರದಿದ್ದರೆ ನೆಲದಿಂದ ಬಂದಿರಬೇಕು, ಅಂದರೆ ನೆಲದ ಠೇವಣಿ ಕರಗುತ್ತಿದೆ ಎಂದರ್ಥ.

ಇದಕ್ಕೆ ಒಂದು ಪ್ರತಿವಾದವಿದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಹೊಲಕ್ಕೆ ಎರಚಿದ ಯೂರಿಯಾದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಗೆ ದಕ್ಕುವುದೇ ಇಲ್ಲ, ಅಮೋನಿಯಾ ಆಗಿ ಹಾರುತ್ತದೆ, ನೀರಿನಲ್ಲಿ ಬಸಿಯುತ್ತದೆ, ಎಲೆಗೆ ನೇರವಾಗಿ ಕೊಟ್ಟರೆ ಈ ಪೋಲು ತಪ್ಪುತ್ತದೆ ಎನ್ನುತ್ತಾರೆ. ಪೋಲಿನ ಮಾತು ಸಂಪೂರ್ಣ ನಿಜ, ಅದು ನಮ್ಮ ಕಾಲದ ದೊಡ್ಡ ಸಂಕಟಗಳಲ್ಲೊಂದು. ಆದರೆ ಚೀಲದ ಮೂರರಲ್ಲಿ ಎರಡು ಪಾಲು ಪೋಲಾಯಿತೆಂದೇ ಇಟ್ಟುಕೊಳ್ಳಿ, ಬೆಳೆಗೆ ಸುಮಾರು 7 ಕಿಲೋ ಸಾರಜನಕ ದಕ್ಕಿತು. ಬಾಟಲಿಯ ಒಂದು ಹನಿಯೂ ಪೋಲಾಗದಿದ್ದರೂ ದಕ್ಕುವುದು 20 ಗ್ರಾಂ. ಎಲೆಗೆ ಯೂರಿಯಾ ಸಿಂಪಡಿಸುವುದೂ ಹಳೆಯ ವಿದ್ಯೆಯೇ. ನೂರಕ್ಕೆ ಎರಡರ ದ್ರಾವಣವನ್ನು ಎಕರೆಗೆ 200 ಲೀಟರ್ ಹೊಡೆದರೆ 4 ಕಿಲೋ ಯೂರಿಯಾ, ಅಂದರೆ 1.8 ಕಿಲೋ ಸಾರಜನಕ ಎಲೆಯ ಮೇಲೆ ಬೀಳುತ್ತದೆ. ಕಣ ಸಣ್ಣದಾದಷ್ಟೂ ಸುಲಭವಾಗಿ ಎಲೆಯೊಳಗೆ ನುಸುಳುತ್ತದೆ ಎಂಬ ವಾದವೂ ಇಲ್ಲಿ ನಿಲ್ಲುವುದಿಲ್ಲ. ಸಾಮಾನ್ಯ ಯೂರಿಯಾ ನೀರಿನಲ್ಲಿ ಕರಗಿದಾಗ ಅದರ ಅಣು ಒಂದು ನ್ಯಾನೋಮೀಟರಿಗಿಂತಲೂ ಚಿಕ್ಕದು, ನ್ಯಾನೋ ಕಣವೇ ಅದಕ್ಕಿಂತ ದೊಡ್ಡದು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಮ್ಯಾಕ್ಸ್ ಫ್ರಾಂಕ್ ಮತ್ತು ಸೋರೆನ್ ಹುಸ್ಟೆಡ್ ನ್ಯಾನೋ ಯೂರಿಯಾದ ಹಕ್ಕೊತ್ತಾಯಗಳಿಗೆ ಸಸ್ಯವಿಜ್ಞಾನದ ಆಧಾರವಿಲ್ಲವೆಂದು 2023ರಲ್ಲಿ ವಾದಿಸಿದರು. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷಗಳ ಹೊಲದ ಪ್ರಯೋಗದಲ್ಲಿ ಶಿಫಾರಸಿನ ಅರ್ಧ ಸಾರಜನಕ ಕೊಟ್ಟು ಉಳಿದುದಕ್ಕೆ ನ್ಯಾನೋ ಯೂರಿಯಾ ಸಿಂಪಡಿಸಿದಾಗ ಗೋಧಿಯ ಇಳುವರಿ ನೂರಕ್ಕೆ 21.6, ಭತ್ತದ್ದು 13ರಷ್ಟು ಕುಸಿಯಿತು, ಕಾಳಿನ ಸಾರಜನಕವೂ ಇಳಿಯಿತು. ಪಂಜಾಬಿನ ನೆಲ ಬೇರೆ, ಎರಿ ನೆಲ ಬೇರೆ ಎನ್ನಬಹುದು. ಹೌದು, ಆದರೆ 20 ಗ್ರಾಂ ಎಲ್ಲ ನೆಲದಲ್ಲೂ 20 ಗ್ರಾಮೇ. ಕೆಲವು ಪ್ರಯೋಗಗಳಲ್ಲಿ ಇಳುವರಿ ಕುಸಿಯಲಿಲ್ಲವೆಂದು ತೋರಿಸುವವರು, ಅದೇ ಹೊಲದ ಪಕ್ಕದಲ್ಲಿ ಬರೀ ನೀರು ಹೊಡೆದ ಮಡಿ ಎಷ್ಟು ಕೊಟ್ಟಿತು ಎಂಬುದನ್ನೂ ಹೇಳಬೇಕು. ಎರಿ ನೆಲ ಒಂದೆರಡು ವರ್ಷ ತನ್ನ ಗಂಟಿನಿಂದ ಕೊಟ್ಟು ಬೆಳೆಯನ್ನು ಸಾಕಬಲ್ಲದು. ಬಾಟಲಿಯ ಹೆಸರಿಗೆ ಜಮಾ ಆಗುವ ಫಸಲು ಹಾಗೆ ನೆಲದ ಸಾಲವಾಗಿರಬಹುದು.

ಸತುವಿನ ಲೆಕ್ಕ ಇದಕ್ಕೆ ತೀರಾ ವಿರುದ್ಧ. ಹೆಕ್ಟೇರು ಗೋಧಿಯ ಬೆಳೆ ನೆಲದಿಂದ ಎತ್ತುವ ಸತು ಕೆಲವು ನೂರು ಗ್ರಾಂ ಮಾತ್ರ. ಅದಕ್ಕಾಗಿ ನಾವು ಹೆಕ್ಟೇರಿಗೆ 25 ಕಿಲೋ ಸತುವಿನ ಸಲ್ಫೇಟ್, ಅಂದರೆ 5 ಕಿಲೋ ಸತು, ಮಣ್ಣಿಗೆ ಸುರಿಯುತ್ತೇವೆ. ಸುಣ್ಣದ ಎರಿಯಲ್ಲಿ ಅದರ ಬಹುಪಾಲು ಬೇರು ಮುಟ್ಟುವ ಮೊದಲೇ ಸೆರೆಯಾಗುತ್ತದೆ. ಇಲ್ಲಿ ಬೇಕಾದ ಪ್ರಮಾಣವೇ ಚಿಕ್ಕದು, ದಾರಿ ಮಾತ್ರ ಕಟ್ಟಿದೆ. ಬೀಜಕ್ಕೇ ಲೇಪಿಸಿ ಅಥವಾ ಎಲೆಗೆ ಸಿಂಪಡಿಸಿ ಆ ದಾರಿಯನ್ನು ತಪ್ಪಿಸಬಹುದು. ಕರಗದ ಸತುವಿನ ಆಕ್ಸೈಡನ್ನು ಕೆಲವೇ ಹತ್ತು ನ್ಯಾನೋಮೀಟರಿಗೆ ಒಡೆದಾಗ ಅದರ ಮೇಲ್ಮೈ ಅಪಾರವಾಗಿ ಹಿಗ್ಗಿ, ಅದು ಎಲೆಯ ಮೇಲೆ ಮತ್ತು ಬೀಜದ ಸಿಪ್ಪೆಯ ಮೇಲೆ ನಿಧಾನವಾಗಿ, ಎಲೆ ಸುಡದಂತೆ ಕರಗುತ್ತದೆ. ಸಲ್ಫೇಟನ್ನು ಸುಣ್ಣ ಬೆರೆಸದೆ ಹೊಡೆದರೆ ಎಲೆ ಸುಡುವುದನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ. ತಿರುಪತಿಯಲ್ಲಿ ಟಿ. ಎನ್. ವಿ. ಕೆ. ವಿ. ಪ್ರಸಾದ್ ಮತ್ತು ಸಂಗಡಿಗರು ಶೇಂಗಾದ ಮೇಲೆ ಮಾಡಿ 2012ರಲ್ಲಿ ಪ್ರಕಟಿಸಿದ ಪ್ರಯೋಗ ಧಾರವಾಡದವರಿಗೆ ಹತ್ತಿರದ್ದು, ಶೇಂಗಾ ನಮ್ಮ ಮುಂಗಾರಿಯ ಬೆಳೆ. ಹತ್ತು ಲಕ್ಷದಲ್ಲಿ ಸಾವಿರ ಪಾಲಿನ ಪ್ರಮಾಣದಲ್ಲಿ ಬೀಜೋಪಚಾರ ಮಾಡಿದಾಗ ಮೊಳಕೆ ಮತ್ತು ಸಸಿಯ ಕಸುವು ಹೆಚ್ಚಿತು, ಎರಡು ಸಾವಿರಕ್ಕೆ ಏರಿಸಿದಾಗ ಅದೇ ಕಣ ಬೆಳವಣಿಗೆಯನ್ನು ಕುಗ್ಗಿಸಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹಸಿರು ನ್ಯಾನೋ ತಂತ್ರಜ್ಞಾನ ಪ್ರಯೋಗಾಲಯ, ರಾಯಚೂರಿನಲ್ಲಿ ತೊಗರಿ ಬೀಜಕ್ಕೆ ಪಾಲಿಮರ್ ಲೇಪದೊಂದಿಗೆ ಸತು, ಕಬ್ಬಿಣದ ಕಣಗಳನ್ನು ಹಚ್ಚಿ ನೋಡಿದ ಅಧ್ಯಯನ, ಇವೆಲ್ಲ ಈ ಸರಿಯಾದ ದಿಕ್ಕಿನಲ್ಲಿವೆ. ಇದು ಉಣ್ಣುವವರ ವಿಷಯವೂ ಹೌದು. ನಮ್ಮದೇ ತರಹ ಸುಣ್ಣ ಮತ್ತು ಕ್ಷಾರದ ನೆಲವಿರುವ ಟರ್ಕಿಯ ಅನಟೋಲಿಯಾದಲ್ಲಿ 1990ರ ದಶಕದಿಂದ ಇಸ್ಮಾಯಿಲ್ ಚಾಕ್ಮಾಕ್ ಮತ್ತು ಸಂಗಡಿಗರು ಗೋಧಿಗೆ ಸತು ಕೊಟ್ಟು ಇಳುವರಿಯನ್ನೂ ಕಾಳಿನ ಸತುವನ್ನೂ ಏರಿಸಿ ತೋರಿಸಿದ್ದಾರೆ. ಜೋಳದ ರೊಟ್ಟಿ, ಗೋಧಿ ಹುಗ್ಗಿ ಉಂಡು ಬೆಳೆಯುವ ಮಕ್ಕಳ ತಟ್ಟೆಗೆ ಸತು ಬರಬೇಕಾದರೆ ಅದು ಮೊದಲು ಕಾಳಿಗೆ ಬರಬೇಕು.

ಹಾಗಾದರೆ ಸತುವಿನ ನ್ಯಾನೋ ಕಣವನ್ನು ಕಣ್ಣುಮುಚ್ಚಿ ಒಪ್ಪಬೇಕೆ? ಶೇಂಗಾದ ಎರಡು ಸಾವಿರದ ಅಂಕಿಯೇ ಬೇಡ ಎನ್ನುತ್ತದೆ. 2007ರಲ್ಲಿ ಲಿನ್ ಮತ್ತು ಶಿಂಗ್ ಆರು ಬೆಳೆಗಳ ಮೇಲೆ ಮಾಡಿದ ಪರೀಕ್ಷೆಯಲ್ಲೂ ಲೀಟರಿಗೆ 2000 ಮಿಲಿಗ್ರಾಂ ಸತು ಮತ್ತು ಸತುವಿನ ಆಕ್ಸೈಡ್ ಕಣಗಳು ಬೇರಿನ ಬೆಳವಣಿಗೆಯನ್ನೇ ನಿಲ್ಲಿಸಿದ್ದವು. ಸತು ಭಾರ ಲೋಹ, ವರ್ಷ ವರ್ಷ ಸೇರುತ್ತ ಹೋದರೆ ಎರಿ ಅದನ್ನು ಬಿಟ್ಟುಕೊಡದು. ಬೇರುಗಂಟಿನ ರೈಜೋಬಿಯಂ, ಎರೆಹುಳು ಇವುಗಳ ಗತಿ ನೋಡದೆ ಶಿಫಾರಸು ಮಾಡುವುದು ತಪ್ಪು. ಇಂಥ ಎಚ್ಚರಿಕೆ ವಿಜ್ಞಾನವನ್ನು ಹಿಂದಕ್ಕೆಳೆಯುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಧಾರವಾಡದ ಹತ್ತಿಯ ಇತಿಹಾಸ ಅವರಿಗೆ ಉತ್ತರ. ಇಲ್ಲಿ ಹೊಸದು ಗೆದ್ದದ್ದು ಆತುರದಿಂದಲ್ಲ, ಸೋಲನ್ನು ಸೋಲೆಂದು ಬರೆದಿಟ್ಟ ಮರ್ಸರನಂಥವರಿಂದ, ದಶಕಗಟ್ಟಲೆ ಆಯ್ಕೆ ಮಾಡಿದ ಕೊಟ್ಟೂರರಂಥವರಿಂದ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರ ಜುಲೈನಲ್ಲಿ ನ್ಯಾನೋ ಕೃಷಿ ಉತ್ಪನ್ನಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಹೊರಡಿಸಿತು. ಅದು ಒಳ್ಳೆಯ ಹೆಜ್ಜೆ. ಆದರೆ ಯೂರಿಯಾ ಚೀಲ ಬೇಕಾದರೆ ಬಾಟಲಿಯನ್ನೂ ಕೊಳ್ಳಬೇಕೆಂಬ ಒತ್ತಾಯದ ಬಗ್ಗೆ ರೈತರ ದೂರು ಮತ್ತೆ ಮತ್ತೆ ಕೇಳಿಬಂದಿದೆ. 1863ರ ಕಾಯ್ದೆ ಮೂಟೆಯೊಳಗಿನ ಹತ್ತಿಯನ್ನು ತಪಾಸಣೆ ಮಾಡಿಸಿತು. ಇಂದು ತಪಾಸಣೆಯಾಗಬೇಕಾದದ್ದು ಬಾಟಲಿಯ ಮೇಲಿನ ಮಾತು, ಅದೂ ಮಾರುವವರಿಂದ ಬೇರೆಯಾದ ಕೈಗಳಲ್ಲಿ.

ಅಂಥ ತಪಾಸಣೆಗೆ ಬೇಕಾದ ನೆಲ, ಜನ, ವಿದ್ಯೆ ಮೂರೂ ಧಾರವಾಡದಲ್ಲಿವೆ. ನವಲಗುಂದದ ಸುಣ್ಣದ ಎರಿಯಲ್ಲಿ ಒಂದು ಹೊಲ, ಧಾರವಾಡದ ಪಶ್ಚಿಮದ ಮಸಾರಿಯಲ್ಲಿ ಇನ್ನೊಂದು. ಎರಡರಲ್ಲೂ ಪಕ್ಕಪಕ್ಕದಲ್ಲಿ ನ್ಯಾನೋ ಸತು ಲೇಪಿಸಿದ ಬೀಜ, ಅಷ್ಟೇ ಸತುವಿನ ಸಾದಾ ಸಲ್ಫೇಟ್ ಲೇಪಿಸಿದ ಬೀಜ, ಬರೀ ನೀರಿನಲ್ಲಿ ನೆನೆಸಿದ ಬೀಜ, ತಿಪ್ಪೆಯ ಗೊಬ್ಬರ ಮಾತ್ರ ಕಂಡ ಮಡಿ. ಮೂರು ವರ್ಷದ ಹಿಂಗಾರಿ, ಮಳೆ ಕೈಕೊಟ್ಟ ವರ್ಷವೂ ಸೇರಿ. ಚೀಲ ತೂಗುವುದರ ಜತೆಗೆ ಕಾಳಿನ ಸತುವನ್ನೂ ಅಳೆಯಬೇಕು, ನಾಲ್ಕನೆಯ ವರ್ಷ ಏನನ್ನೂ ಹಾಕದೆ ಅದೇ ಮಡಿಗಳಲ್ಲಿ ಕಡಲೆ ಬಿತ್ತಿ ಬೇರಿನ ಗಂಟುಗಳನ್ನು ಎಣಿಸಬೇಕು. ಗೆದ್ದ ಮಡಿಯ ಅಂಕಿಯ ಪಕ್ಕದಲ್ಲೇ ಸೋತ ಮಡಿಯ ಅಂಕಿಯೂ ಅಚ್ಚಾಗಿ, ಸೆಪ್ಟೆಂಬರಿನ ಕೃಷಿ ಮೇಳಕ್ಕೆ ಬರುವ ರೈತರ ಕೈಗೆ ಕನ್ನಡದಲ್ಲಿ ಸಿಗಬೇಕು.